ಇವರಿಗೆ ಸಂಬಳ ಎಷ್ಟಂತೆ?

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಮಗಳು ಹಾಲ್‌ನ ಕಾರ್ಪೆಟ್ ಮೇಲೆ ಕೂತು ಟೀವಿ ನೋಡುತ್ತಿದ್ದಳು. ಸುಮ್ಮನೆ ಕೂತಿರಲಿಲ್ಲ. ಎಡಗಾಲು ಮುಂದಕ್ಕೆ, ಬಲಗಾಲು ಹಿಂದಕ್ಕೆ ಚಾಚಿ, ಎರಡೂ ಅಂಗೈ ನೆಲಕ್ಕೆ ಊರಿ ಇಷ್ಟಿಷ್ಟೇ ಕೆಳಗಿಳಿಯುತ್ತಿದ್ದಳು. ತೊಡೆ ನೆಲ ಮುಟ್ಟುವುದಕ್ಕೆ ಇನ್ನೂ ಒಂದು ಗೇಣು ಬಾಕಿ ಇತ್ತು. ಮುಖ ಕೆಂಪೇರಿತ್ತು. ಆದರೂ ಹಲ್ಲು ಕಾಣುವ ಹಾಗೆ ನಗುತ್ತಿದ್ದಳು.

"ನೋವಾಗ್ತಿದ್ರೂ ಯಾಕೆ ನಗ್ತಿದೀಯ?" ಅಂದೆ.

"ಅವರೂ ಹಾಗೇ ಮಾಡ್ತಾರೆ ಅಮ್ಮ. ನೋವು ಮುಖದಲ್ಲಿ ಕಾಣಿಸಬಾರದು."

ಮಡಚುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು ನಾನೂ ಕೂತೆ.

ಅವಳು ನೋಡುತ್ತಿದ್ದದ್ದು ನೆಟ್‌ಫ್ಲಿಕ್ಸ್‌ನ 'ಅಮೆರಿಕಾಸ್ ಸ್ವೀಟ್‌ಹಾರ್ಟ್ಸ್'. ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳ ಸರಣಿ. ನಿರ್ದೇಶಕ ಗ್ರೆಗ್ ವೈಟ್ಲಿ. ಮೊದಲ ಸೀಸನ್ 2024ರ ಜೂನ್‌ನಲ್ಲಿ, ಎರಡನೆಯದು 2025ರ ಜೂನ್‌ನಲ್ಲಿ ಬಂತು. ಒಂದೊಂದರಲ್ಲೂ ಏಳು ಕಂತು. ಚಿಯರ್‌ಲೀಡರ್ ಅಂದರೆ ನಮ್ಮ ಕಡೆಯವರಿಗೆ ಐಪಿಎಲ್‌ನಲ್ಲಿ ಬೌಂಡರಿ ಬಿದ್ದಾಗ ಬಣ್ಣದ ಗೊಂಡೆ ಅಲ್ಲಾಡಿಸುವವರು ನೆನಪಾಗುತ್ತಾರೆ. ಈ ಹುಡುಗಿಯರು ಚಿಕ್ಕಂದಿನಿಂದ ಬ್ಯಾಲೆ, ಜಾಝ್ ಎಂದು ಕಲಿತು ಬಂದವರು. ಪ್ರತಿ ವರ್ಷ ಆಡಿಷನ್. ನಾಲ್ಕು ವರ್ಷ ತಂಡದಲ್ಲಿ ಕುಣಿದವಳೂ ಐದನೇ ವರ್ಷ ಮತ್ತೆ ಹೊಸಬರ ಜೊತೆ ನಿಂತು ಪರೀಕ್ಷೆ ಕೊಡಬೇಕು. ಬೇಸಿಗೆಯ ತರಬೇತಿ ಶಿಬಿರದಲ್ಲಿ ಒಬ್ಬೊಬ್ಬರನ್ನಾಗಿ ಕಳಿಸುತ್ತಾ ಕೊನೆಗೆ ಉಳಿಯುವುದು 36 ಜನ.

ನಾವಿರುವುದು ಟೆಕ್ಸಸ್‌ನ ಫ್ರಿಸ್ಕೋದಲ್ಲಿ. ಕೌಬಾಯ್ಸ್ ತಂಡದ ಕೇಂದ್ರ ಕಚೇರಿ 'ದಿ ಸ್ಟಾರ್' ಇರುವುದು ಇದೇ ಊರಿನಲ್ಲಿ. ಶೋನಲ್ಲಿ ಕಾಣುವ ಅಭ್ಯಾಸದ ಕೋಣೆ, ಅಳುತ್ತಾ ಕಾರು ಹತ್ತುವ ಪಾರ್ಕಿಂಗ್ ಜಾಗ ಎಲ್ಲ ಅಲ್ಲಿಯದೇ. ನಾವು ದಿನಸಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋಗುತ್ತೇವೆ. ಬೇರೆ ಊರಿನ ಹುಡುಗಿಗೆ ಇದು ದೂರದ ಥಳುಕು ಇರಬಹುದು, ನನ್ನ ಮಗಳಿಗೆ ಇದು ಮನೆಯಿಂದ ಹತ್ತು ನಿಮಿಷದ ದಾರಿ. ಇನ್ನೊಂದು ಕಾರಣವೂ ಇದೆ. ಟೆಕ್ಸಸ್‌ನ ಹೈಸ್ಕೂಲುಗಳಲ್ಲಿ ಡ್ರಿಲ್ ಟೀಮ್ ಅಂತ ಇರುತ್ತದೆ. 1940ರಲ್ಲಿ ಪೂರ್ವ ಟೆಕ್ಸಸ್‌ನ ಕಿಲ್ಗೋರ್ ಕಾಲೇಜಿನಲ್ಲಿ ಗಸ್ಸೀ ನೆಲ್ ಡೇವಿಸ್ ಎಂಬ ಮೇಡಂ ಶುರುಮಾಡಿದ ಸಂಪ್ರದಾಯ ಅದು. ಪಂದ್ಯದ ವಿರಾಮದಲ್ಲಿ ಹುಡುಗಿಯರು ಸಾಲಾಗಿ ನಿಂತು, ಟೋಪಿಯ ಅಂಚಿಗೆ ಕಾಲು ತಾಗುವಷ್ಟು ಎತ್ತರಕ್ಕೆ ಒದೆಯುತ್ತಾರೆ. ನನ್ನ ಮಗಳಿಗೆ ಈಗ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿದೆ. ಹೈಸ್ಕೂಲಿಗೆ ಹೋಗುವ ಮೊದಲೇ ಆ ತಂಡದ ಆಯ್ಕೆಗೆ ನಿಲ್ಲಬೇಕು ಅನ್ನುವುದು ಅವಳ ಆಸೆ. ಹಾಗಾಗಿ ಅವಳು ಈ ಶೋವನ್ನು ಮನರಂಜನೆ ಅಂತ ನೋಡುತ್ತಿರಲಿಲ್ಲ. ಪಾಠ ಅಂತ ನೋಡುತ್ತಿದ್ದಳು.

ಇಲ್ಲಿನ ಕನ್ನಡದ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಅದೇ ವಾರ ಒಬ್ಬರು ಕೇಳಿದ್ದರು: "ಇದನ್ನು ಮಕ್ಕಳಿಗೆ ತೋರಿಸಬಹುದಾ?" ಉತ್ತರಗಳೆಲ್ಲ ಬಟ್ಟೆಯ ಸುತ್ತಲೇ ಬಂದವು. ಅವರ ಸಮವಸ್ತ್ರ ಚಿಕ್ಕದು, ನಿಜ. ಆದರೆ ಇಲ್ಲಿ ಬೆಳೆದ ಮಕ್ಕಳು ಈಜುಕೊಳದಲ್ಲಿ, ಜಿಮ್ನಾಸ್ಟಿಕ್ಸ್‌ನಲ್ಲಿ ದಿನಾ ನೋಡುವುದಕ್ಕಿಂತ ಹೊಸದೇನೂ ಅಲ್ಲಿಲ್ಲ. ಅಲ್ಲಲ್ಲಿ ಒಂದೆರಡು ಒರಟು ಮಾತಿವೆ. ಪ್ರೇಮ, ನಿಶ್ಚಿತಾರ್ಥ, ಪ್ರಾರ್ಥನೆ ಬೇಕಾದಷ್ಟಿವೆ. ಇವು ಯಾವುವೂ ನನ್ನ ನಿದ್ದೆ ಕೆಡಿಸಲಿಲ್ಲ. ನಿದ್ದೆ ಕೆಡಿಸಿದ್ದು ಆ ನಗು.

ಮೊದಲಿಂದ ನೋಡೋಣ, ಆದರೆ ಒಟ್ಟಿಗೆ ನೋಡೋಣ ಅಂತ ಮಗಳ ಜೊತೆ ಒಪ್ಪಂದವಾಯಿತು. ಆಗ ನಮ್ಮತ್ತೆ ಊರಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ರಾತ್ರಿ ಊಟ ಮುಗಿಸಿ, ಸೋಫಾದ ಒಂದು ತುದಿಯಲ್ಲಿ ಕಾಲು ಮೇಲಿಟ್ಟುಕೊಂಡು ಅವರೂ ಕೂರುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದು, ಮೊಮ್ಮಗಳು ಬೇಕಾದಷ್ಟು ಹೇಳುತ್ತಿದ್ದಳು.

ಒಳ್ಳೆಯದನ್ನು ಮೊದಲು ಹೇಳಬೇಕು, ಏಕೆಂದರೆ ಒಳ್ಳೆಯದು ಬಹಳ ಇದೆ. ನೃತ್ಯ ಅನ್ನುವುದು ಎಷ್ಟು ದುಡಿಮೆ ಎಂದು ಇಷ್ಟು ಹತ್ತಿರದಿಂದ ತೋರಿಸಿದ ಶೋ ನಾನು ಬೇರೆ ನೋಡಿಲ್ಲ. ಕೆಲ್ಸಿ ಎಂಬಾಕೆ ಹಗಲು ಮಕ್ಕಳ ನರ್ಸ್, ಸಂಜೆ ಅಭ್ಯಾಸಕ್ಕೆ ಓಡಿ ಬರುತ್ತಾಳೆ. ಎರಡು ಕೆಲಸದ ನಡುವೆ ಕಾರಿನಲ್ಲೇ ಊಟ. ತಂಡದ ನಿರ್ದೇಶಕಿ ಕೆಲ್ಲಿ ಫಿಂಗ್ಲಾಸ್, ನೃತ್ಯ ಸಂಯೋಜಕಿ ಜೂಡಿ ಟ್ರಾಮೆಲ್ ಇಬ್ಬರೂ ಒಂದು ಕಾಲದಲ್ಲಿ ಇದೇ ತಂಡದಲ್ಲಿ ಕುಣಿದವರು. ಯಾರ ಮೊಣಕೈ ಎಷ್ಟು ಬಾಗಿದೆ, ಯಾರು ಅರ್ಧ ತಾಳ ಮುಂದಿದ್ದಾರೆ ಅಂತ ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಹುಡುಗಿಯರನ್ನು ಕೈಬಿಡುವಾಗ ಸಂಗೀತ ಹಾಕಿ ಜನರ ಮುಂದೆ ನಿಲ್ಲಿಸುವುದಿಲ್ಲ. ಕಚೇರಿಗೆ ಕರೆದು ಕೂರಿಸಿ, ಏನು ಸಾಲಲಿಲ್ಲ ಎಂದು ಹೇಳುತ್ತಾರೆ. ಕ್ಯಾಮೆರಾ ಅಲ್ಲೂ ಇರುತ್ತದೆ, ಅದು ಬೇರೆ ಮಾತು. ವರ್ಷಗಟ್ಟಲೆ ಕಷ್ಟಪಟ್ಟ ಮೇಲೂ ಸಿಗದೇ ಹೋಗಬಹುದು, ಸಿಗದಿದ್ದರೂ ಮಾರನೇ ದಿನ ಬೆಳಗಾಗುತ್ತದೆ ಅನ್ನುವುದನ್ನು ಹದಿನಾಲ್ಕರ ಹುಡುಗಿ ನೋಡಲಿ ಅಂತಲೇ ನನ್ನ ಆಸೆ.

ನಮ್ಮ ಕಡೆಯ ಮಕ್ಕಳ ಡ್ಯಾನ್ಸ್ ಶೋಗಳ ಜೊತೆ ಹೋಲಿಸಿದರೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ದೊಡ್ಡವರ ಹಾಡಿಗೆ ದೊಡ್ಡವರ ಹಾವಭಾವದಲ್ಲಿ ಏಳೆಂಟು ವರ್ಷದ ಮಕ್ಕಳನ್ನು ಕುಣಿಸಬೇಡಿ ಅಂತ 2019ರ ಜೂನ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ಚಾನೆಲ್‌ಗಳಿಗೆ ಸಲಹೆ ಕೊಡಬೇಕಾಗಿ ಬಂದಿತ್ತು. ಮಗು ವೇದಿಕೆಯ ಮೇಲೆ ಸೋತು ಅಳುವುದನ್ನು ನೋಡುವುದಕ್ಕಿಂತ, ಇಪ್ಪತ್ತೈದು ವರ್ಷದ ವೃತ್ತಿನಿರತಳು ಸೋತು ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋಗುವುದನ್ನು ಮಗು ನೋಡುವುದು ಸಾವಿರ ಪಾಲು ವಾಸಿ.

ಇನ್ನು ಅವರ ಹೆಸರಾಂತ ಜಿಗಿತದ ವಿಷಯ. ತವರು ಮೈದಾನದ ಪ್ರತಿ ಪಂದ್ಯದ ಮೊದಲು ಅವರು 'ಥಂಡರ್‌ಸ್ಟ್ರಕ್' ಹಾಡಿಗೆ ಕುಣಿಯುತ್ತಾರೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ನಿಂತು, ಒಂದೇ ಎತ್ತರಕ್ಕೆ ಕಾಲೆತ್ತಿ ಒದೆದು ಒದೆದು, ಕೊನೆಗೆ ಎಲ್ಲರೂ ಒಟ್ಟಿಗೆ ಗಾಳಿಗೆ ಹಾರಿ, ಎರಡೂ ಕಾಲು ಚಾಚಿದ ಸ್ಥಿತಿಯಲ್ಲೇ ನೆಲಕ್ಕೆ ಬೀಳುತ್ತಾರೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ನಿಧಾನವಾಗಿ ಇಳಿಯುವುದಲ್ಲ, ಬೀಳುವುದು. ದೇಹದ ಭಾರವಷ್ಟೂ ಸೊಂಟದ ಕೀಲಿಗೆ, ತೊಡೆಯ ಹಿಂಭಾಗದ ಸ್ನಾಯುವಿಗೆ. ತಂಡ ಬಿಟ್ಟು ಹೊರಬಂದ ಒಬ್ಬಾಕೆ ಸೊಂಟದ ಶಸ್ತ್ರಚಿಕಿತ್ಸೆಗೆ ಹೋಗುವುದನ್ನು ಮೊದಲ ಸೀಸನ್ನಿನಲ್ಲೇ ತೋರಿಸುತ್ತಾರೆ. ಇನ್ನೂ ಮೂವತ್ತು ತುಂಬದ ಹುಡುಗಿ. ಆದರೂ ಅವಳ ಮಾತಿನಲ್ಲಿ ದೂರು ಕಾಣಲಿಲ್ಲ.

ಆ ಕಂತು ಮುಗಿದ ಮೇಲೆ ನಾನು ಮಗಳಿಗೆ ಇದುವರೆಗೆ ಹೇಳದ ಒಂದು ಸಂಗತಿ ಹೇಳಿದೆ. ನಾನು ಮೈಸೂರಿನಲ್ಲಿ ಭರತನಾಟ್ಯ ಕಲಿತವಳು. ಹದಿನಾರನೇ ವಯಸ್ಸಿನಲ್ಲಿ ನಮ್ಮ ಗುಂಪಿಗೆ ಒಂದು ದೊಡ್ಡ ವೇದಿಕೆ ಸಿಕ್ಕಿತ್ತು. ಸಿಮೆಂಟ್ ನೆಲದ ಮೇಲೆ ಎರಡು ತಿಂಗಳು ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ. ಮೂರನೇ ವಾರಕ್ಕೇ ಬಲಗಾಲಿನ ಕಣಕಾಲಿನಲ್ಲಿ ಒಂದು ಜಾಗ, ಬೆರಳಿಟ್ಟರೆ ಸೂಜಿ ಚುಚ್ಚಿದ ಹಾಗೆ. ಮೊಣಕಾಲು ಬಾಗಿಸಿ ಅರಮಂಡಿಯಲ್ಲಿ ಕೂತು ಕಾಲು ತಟ್ಟಿದಾಗಲೆಲ್ಲ ಕಣ್ಣಲ್ಲಿ ನೀರು. ಗುರುಗಳಿಗೆ ಹೇಳಿದಾಗ ಬಂದ ಉತ್ತರ: "ಈ ವೇದಿಕೆ ಸಿಕ್ಕಿದ್ದೇ ಪುಣ್ಯ ಅಂದ್ಕೋ. ನಿನ್ನ ಜಾಗಕ್ಕೆ ಹತ್ತು ಜನ ಕಾಯ್ತಿದಾರೆ." ಅವರು ಕೆಟ್ಟವರಲ್ಲ. ಅವರಿಗೂ ಅವರ ಗುರುಗಳು ಅದನ್ನೇ ಹೇಳಿದ್ದಿರಬೇಕು. ರಾತ್ರಿ ಅಮ್ಮ ನೋವಿನೆಣ್ಣೆ ತಿಕ್ಕುತ್ತಿದ್ದರು, ಬೆಳಿಗ್ಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅದರ ಮೇಲೆ ಗೆಜ್ಜೆ ಕಟ್ಟುತ್ತಿದ್ದೆ. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ನಾಲ್ಕು ದಿನದ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ ಅಂದರು. ಮತ್ತೆ ಗೆಜ್ಜೆ ಕಟ್ಟಲು ಏಳು ತಿಂಗಳು ಬೇಕಾಯಿತು. ಆ ವರ್ಷದ ಸೀನಿಯರ್ ಪರೀಕ್ಷೆ ತಪ್ಪಿತು.

"ನೀನ್ಯಾಕೆ ಆಗಲ್ಲ ಅನ್ಲಿಲ್ಲ?" ಅಂದಳು ಮಗಳು.

ಹಾಗೆ ಅನ್ನಬಹುದು ಅಂತ ನನಗೆ ಹೊಳೆದೇ ಇರಲಿಲ್ಲ ಅನ್ನುವುದೇ ನಿಜವಾದ ಉತ್ತರ. ಅದನ್ನೇ ಹೇಳಿದೆ.

ಶೋನಲ್ಲಿ ಹುಡುಗಿಯರು ಮಾತು ಮಾತಿಗೂ ಕೃತಜ್ಞತೆ ಹೇಳುತ್ತಾರೆ. ಇಲ್ಲಿರುವುದೇ ಆಶೀರ್ವಾದ, ಈ ಸಮವಸ್ತ್ರ ತೊಡುವುದೇ ಭಾಗ್ಯ. ಒಂದು ರಾತ್ರಿ ನಮ್ಮತ್ತೆ ಕೇಳಿದರು: "ಆ ಹುಡುಗಿ ಏನಂತಿದಾಳೆ ಪುಟ್ಟಿ?"

"ಇಲ್ಲಿಗೆ ಬಂದಿದ್ದೇ ಪುಣ್ಯ ಅಂತಿದಾಳೆ ಅಜ್ಜಿ."

"ಅದು ಸರಿ. ಇವರಿಗೆ ಸಂಬಳ ಎಷ್ಟಂತೆ?"

ನಮ್ಮತ್ತೆ ಈ ಪ್ರಶ್ನೆ ಕೇಳುವುದಕ್ಕೆ ಹಿನ್ನೆಲೆ ಇದೆ. ಅವರು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. 1975ರಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದೇ ಆ ತಾಲ್ಲೂಕಿಗೆ. ಮಕ್ಕಳಿಗೆ ಊಟ, ಗರ್ಭಿಣಿಯರ ಲೆಕ್ಕ, ತೂಕ, ಲಸಿಕೆ, ಚುನಾವಣೆ ಬಂದರೆ ಮನೆ ಮನೆ ಪಟ್ಟಿ ಎಲ್ಲವೂ ಅವರ ಪಾಲಿಗೆ. ಆದರೆ ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಸೇವೆ ಮಾಡುವ ಭಾಗ್ಯ ಎಂದು ಹೊಗಳಿ, ಕೈಗೆ ಚಿಲ್ಲರೆ ಇಡುವುದನ್ನು ಅವರು ಬದುಕಿಡೀ ಕಂಡವರು. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿಯಿಡೀ ರಸ್ತೆಯ ಮೇಲೆ ಮಲಗಿ ಬಂದವರು. ಪುಣ್ಯ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಅವರ ಮನಸ್ಸು ಸಂಬಳದ ಕಡೆ ಹೋಗುವುದು ಸಹಜ.

ಮಗಳು ಅಲ್ಲೇ ಫೋನ್ ತೆಗೆದು ಹುಡುಕಿದಳು. 1970ರ ದಶಕದಲ್ಲಿ ಈ ತಂಡದವರಿಗೆ ಒಂದು ಪಂದ್ಯಕ್ಕೆ ಸಿಗುತ್ತಿದ್ದದ್ದು 15 ಡಾಲರ್. 2018ರಲ್ಲಿ ಮಾಜಿ ಸದಸ್ಯೆಯೊಬ್ಬಳು ಸಲ್ಲಬೇಕಾದ ಕೂಲಿ ಸಲ್ಲಿಸಿಲ್ಲ ಅಂತ ಕೋರ್ಟಿಗೆ ಹೋದಳು. ತಂಡದ ಗೊಂಬೆವೇಷ ಹಾಕುವವನಿಗೆ ತನಗಿಂತ ಬಹಳ ಹೆಚ್ಚು ಸಂಬಳ ಅನ್ನುವುದೂ ಅವಳ ದೂರಿನಲ್ಲಿತ್ತು. ಮರುವರ್ಷ ರಾಜಿಯಾಯಿತು. ಮೊದಲ ಸೀಸನ್ನಿನಲ್ಲಿ ಹಳೆಯ ಸದಸ್ಯೆಯೊಬ್ಬಳು ತನ್ನ ಸಂಪಾದನೆಯನ್ನು ಫಾಸ್ಟ್‌ಫುಡ್ ಅಂಗಡಿಯಲ್ಲಿ ಪೂರ್ತಿ ದಿನ ದುಡಿಯುವವರ ಸಂಬಳಕ್ಕೆ ಹೋಲಿಸುತ್ತಾಳೆ. ತಂಡದ ಮಾಲೀಕರ ಮಗಳು ಷಾರ್ಲೆಟ್ ಜೋನ್ಸ್ ಅದೇ ಸೀಸನ್ನಿನಲ್ಲಿ, ಇವರಿಗೆ ಹೆಚ್ಚು ಸಂಬಳವಿಲ್ಲ ಅನ್ನುವುದನ್ನು ಒಪ್ಪಿಕೊಂಡೇ, ಇವರು ಬರುವುದು ದುಡ್ಡಿಗಲ್ಲ, ಅದಕ್ಕಿಂತ ದೊಡ್ಡದಕ್ಕೆ ಅನ್ನುತ್ತಾರೆ. ಅದೇ 2024ರಲ್ಲಿ ಫೋರ್ಬ್ಸ್ ಪತ್ರಿಕೆ ಕೌಬಾಯ್ಸ್ ತಂಡಕ್ಕೆ ಕಟ್ಟಿದ ಬೆಲೆ 1,010 ಕೋಟಿ ಡಾಲರ್. ಮೊಮ್ಮಗಳು ಸೊನ್ನೆ ಎಣಿಸಿ ಹೇಳಿದಾಗ ನಮ್ಮತ್ತೆ ಏನೂ ಅನ್ನಲಿಲ್ಲ. ಎಲೆಡಿಕೆಯ ಚೀಲ ಕಟ್ಟಿ ಪಕ್ಕಕ್ಕಿಟ್ಟರು, ಅಷ್ಟೇ.

"ಆದ್ರೆ ಕಲೆಗೆ ದುಡ್ಡು ಕೇಳೋದು ಸರಿ ಅಲ್ಲ ಅಲ್ವಾ ಅಮ್ಮ?" ಮಗಳ ಈ ಮಾತು ಕೇಳಿ ನನಗೆ ಗಾಬರಿಯಾಯಿತು. ಎಲ್ಲಿ ಕಲಿತಳು ಇದನ್ನು? ಶೋನಿಂದಲೇ ಇರಬೇಕಿಲ್ಲ, ನಮ್ಮ ಮನೆಯ ಮಾತಿನಿಂದಲೂ ಇರಬಹುದು. ನಮ್ಮ ಮೈಸೂರು ಶೈಲಿಯ ಕೆ. ವೆಂಕಟಲಕ್ಷಮ್ಮನವರ ಬಗ್ಗೆ ಹೇಳಿದೆ. ಜಟ್ಟಿ ತಾಯಮ್ಮನವರ ಶಿಷ್ಯೆ, ದಶಕಗಳ ಕಾಲ ಅರಮನೆಯ ಆಸ್ಥಾನ ನರ್ತಕಿ, 1992ರಲ್ಲಿ ಪದ್ಮಭೂಷಣ. ಅರಮನೆಯಲ್ಲಿ ಕುಣಿಯುವುದು ಅವರ ಉದ್ಯೋಗವಾಗಿತ್ತು. ಅದರಿಂದ ಅವರ ಅಭಿನಯಕ್ಕೆ ಒಂದು ಗುಲಗಂಜಿಯಷ್ಟೂ ಕುಂದು ಬರಲಿಲ್ಲ.

ದೇಹದ ವಿಷಯವನ್ನು ನಾನು ಕೊನೆಗೆ ತಳ್ಳುತ್ತಾ ಬಂದೆ, ಅದು ಅಷ್ಟು ಸೂಕ್ಷ್ಮ. ಇದೇ ತಂಡದ ಬಗ್ಗೆ 2006ರಿಂದ 2021ರವರೆಗೆ ಬೇರೊಂದು ಚಾನೆಲ್‌ನಲ್ಲಿ ಬರುತ್ತಿದ್ದ ಹಳೆಯ ಶೋನಲ್ಲಿ ಹುಡುಗಿಯರ ತೂಕದ ಬಗ್ಗೆ ಮುಖದ ಮೇಲೇ ಮಾತಾಡುತ್ತಿದ್ದರು. ಹೊಸದರಲ್ಲಿ ಆ ಭಾಷೆ ಮೆತ್ತಗಾಗಿದೆ. ತಾಯಿಯೂ ಇದೇ ತಂಡದಲ್ಲಿದ್ದ ಒಬ್ಬ ಹುಡುಗಿ ತನ್ನ ಖಿನ್ನತೆ, ಊಟದ ಜೊತೆಗಿನ ತನ್ನ ಹೋರಾಟವನ್ನು ಬಿಚ್ಚಿ ಹೇಳುತ್ತಾಳೆ. ಒಳ್ಳೆಯದೇ. ಆದರೆ ಕಣ್ಣು ಕಾಣುವುದು 36 ಹುಡುಗಿಯರ ಒಂದೇ ಬಗೆಯ ಹೊಟ್ಟೆಯನ್ನು. ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಬಿದ್ದದ್ದು ಆ ವಯಸ್ಸಿನಲ್ಲಿ ಬೇಗ ಒಳಗಿಳಿಯುತ್ತದೆ.

ಫಿಜಿ ದ್ವೀಪದ ನಾಡ್ರೋಗಾ ಪ್ರಾಂತ್ಯಕ್ಕೆ ಟೀವಿ ಬಂದದ್ದು 1995ರಲ್ಲಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಲುವು, ಊಟ ಮಾಡು ಅನ್ನುವುದೇ ಪ್ರೀತಿ, ನಮ್ಮ ಊರುಗಳ ಹಾಗೇ. ಹಾರ್ವರ್ಡ್‌ನ ಆನ್ ಬೆಕರ್ ಎಂಬ ಸಂಶೋಧಕಿ ಆ ವರ್ಷ ಅಲ್ಲಿನ ಶಾಲೆಯ ಹುಡುಗಿಯರನ್ನು ಮಾತಾಡಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಹೋದಾಗ ಶೇಕಡಾ 11ಕ್ಕೂ ಹೆಚ್ಚು ಹುಡುಗಿಯರು ಹಾಗೆ ಮಾಡುತ್ತಿದ್ದರು. ಮೂರೇ ವರ್ಷ. ನನ್ನನ್ನು ಹೆಚ್ಚು ಕಲಕಿದ್ದು ಆ ಹುಡುಗಿಯರು ಕೊಟ್ಟ ಕಾರಣ. ಟೀವಿಯಲ್ಲಿ ತೆಳ್ಳಗಿರುವ ಹೆಂಗಸರು ಕೆಲಸಕ್ಕೆ ಹೋಗುತ್ತಾರೆ, ಏನಾದರೂ ಸಾಧಿಸುತ್ತಾರೆ, ನಮಗೂ ಹಾಗಾಗಬೇಕು ಅನ್ನುವ ಆಸೆ ಅವರ ಮಾತಿನಲ್ಲಿತ್ತು. ಕನ್ನಡಿಯ ಮುಂದಿನ ಚೆಂದಕ್ಕಿಂತ ದೊಡ್ಡ ಆಸೆ ಅದು. ಶ್ರದ್ಧೆ, ಶಿಸ್ತು, ಯಶಸ್ಸು ಎಲ್ಲವೂ ಒಂದೇ ಆಕಾರದ ದೇಹದಲ್ಲಿ ಕಾಣುವಾಗ ಜಾಣ ಮಕ್ಕಳೇ ಮೊದಲು ಸಿಕ್ಕಿಹಾಕಿಕೊಳ್ಳುತ್ತಾರೆ.

ಅದರಲ್ಲೂ ಇದು ಮೂಳೆ ಕಟ್ಟುವ ವಯಸ್ಸು. ಹುಡುಗಿಯರ ಮೂಳೆಯ ಗಟ್ಟಿತನದ ಶೇಕಡಾ 90ರಷ್ಟು ಹದಿನೆಂಟರ ಹೊತ್ತಿಗೇ ಕೂಡಿರುತ್ತದೆ. ದುಡಿಮೆಗೆ ತಕ್ಕ ಊಟವಿಲ್ಲದೆ ಕುಣಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಬಿರುಕು ಬಿಡುತ್ತದೆ. ನನ್ನ ಕಣಕಾಲಿನ ಹಿಂದೆಯೂ ಬರೀ ಸಿಮೆಂಟ್ ನೆಲವಲ್ಲ, ಸಂಜೆಯ ಕ್ಲಾಸಿಗೆ ಹೊಟ್ಟೆ ಹಗುರ ಇರಲಿ ಅಂತ ಬಿಟ್ಟ ತಿಂಡಿಯೂ ಇತ್ತು ಅಂತ ಈಗ ಅನ್ನಿಸುತ್ತದೆ.

ರಾತ್ರಿ ಶೋ ನಿಲ್ಲಿಸಿದ ಮೇಲೆ ಫೋನ್ ಶುರುವಾಗುತ್ತಿತ್ತು. ಮೂರನೇ ಕಂತಿನ ಹೊತ್ತಿಗೆ ಮಗಳ ಫೋನಿನ ತುಂಬ ಆ ಹುಡುಗಿಯರ ಚಿಕ್ಕ ವಿಡಿಯೋ. ಅವುಗಳ ಬೆನ್ನಿಗೆ ದಿನವಿಡೀ ಏನೇನು ತಿನ್ನುತ್ತೇವೆ ಅನ್ನುವ ಯಾರ್ಯಾರದೋ ವಿಡಿಯೋ, ಹೊಟ್ಟೆ ಕರಗಿಸುವ ವ್ಯಾಯಾಮ. ಶೋನಲ್ಲಿ ಬೆವರು, ಅಳು, ಸೋಲು, ಗೆಳತಿಯರಾದರೂ ಇದ್ದರು. ಇಲ್ಲಿ ಹೊಟ್ಟೆ ಮಾತ್ರ. ಒಂದು ದಿನ ಅವಳು ಅನ್ನ ಬೇಡ ಅಂದಳು. ಅವತ್ತು ರಾತ್ರಿ ಇಬ್ಬರೂ ಕೂತು ಆ ವಿಡಿಯೋಗಳನ್ನು ಒಂದೊಂದಾಗಿ ತೋರಿಸಬೇಡ ಅಂತ ಒತ್ತಿದೆವು. ಅರ್ಧ ಗಂಟೆ ಹಿಡಿಯಿತು.

ನೋಡುವ ಮೊದಲು ಹೆದರಿದ್ದ, ನೋಡಿದ ಮೇಲೆ ಇದು ಇದ್ದದ್ದು ಒಳ್ಳೆಯದಾಯಿತು ಅನ್ನಿಸಿದ ಭಾಗವೂ ಒಂದಿದೆ. ಪಂದ್ಯದ ನಡುವೆ ಮೈದಾನದ ಅಂಚಿನಲ್ಲಿ ಒಬ್ಬ ಫೋಟೋಗ್ರಾಫರ್ ತನ್ನನ್ನು ಕೆಟ್ಟದಾಗಿ ಮುಟ್ಟಿದ ಅಂತ ಒಬ್ಬಳು ಹೇಳುತ್ತಾಳೆ. ಪೊಲೀಸರ ತನಕ ಹೋಗುತ್ತದೆ, ಆದರೆ ಕೇಸು ದಾಖಲಾಗುವುದಿಲ್ಲ. ಕೂತಲ್ಲೇ ಬಿಗಿಯಾದ ಮಗಳು, "ಹಾಗಾದ್ರೆ ಹೇಳಿ ಏನು ಬಂತು?" ಅಂದಳು. ನಾನು ತಡವರಿಸಿದೆ. ನಮ್ಮತ್ತೆಗೆ ವಿಷಯ ತಿಳಿಸಿದಾಗ ಅವರೇ ಹೇಳಿದರು: "ಅವಳ ಗೆಳತಿಯರೆಲ್ಲ ಅವಳ ಪಕ್ಕ ನಿಂತಿದಾರಲ್ಲ, ನೋಡು." ಈ ಮಾತುಕತೆ ನಾನಾಗಿ ಶುರುಮಾಡಬೇಕಿದ್ದರೆ ಇನ್ನೂ ಎರಡು ವರ್ಷ ಮುಂದೂಡುತ್ತಿದ್ದೆ.

ಎರಡನೇ ಸೀಸನ್ ನೋಡದೆ ಮೊದಲನೆಯದನ್ನು ಮಾತ್ರ ನೋಡಿದ್ದರೆ ನನ್ನ ಅಭಿಪ್ರಾಯ ಬೇರೆಯೇ ಇರುತ್ತಿತ್ತು. ಎರಡನೆಯದರಲ್ಲಿ ಹುಡುಗಿಯರು ಸಂಬಳದ ಮಾತೆತ್ತುತ್ತಾರೆ. ತಮ್ಮತಮ್ಮಲ್ಲೇ ಕೂತು ಕರಾರುಪತ್ರ ಓದುತ್ತಾರೆ, ಕೆಲಸ ನಿಲ್ಲಿಸುವ ಮಾತೂ ಬರುತ್ತದೆ. ಕೆಲವರಿಗೆ ಭಯ, ಕೆಲವರಿಗೆ ಮುಜುಗರ. ಕೊನೆಗೆ ಶೇಕಡಾ 400ರಷ್ಟು ಏರಿಕೆ. ಮುಂದೆ ನಿಂತವರಲ್ಲಿ ಐದು ವರ್ಷ ಕುಣಿದು ಹೊರಡುತ್ತಿದ್ದ ಅರ್ಮಾನಿ ಲ್ಯಾಟಿಮರ್ ಒಬ್ಬಳು. ಏರಿದ ಸಂಬಳ ಅವಳ ಕೈಗೆ ಬರುವುದಿಲ್ಲ, ಅವಳ ನಂತರದವರಿಗೆ. ಅವಳಿಗೆ ತಲೆಕೂದಲು ಉದುರುವ ಅಲೋಪೀಶಿಯಾ ಕಾಯಿಲೆ. ಉದ್ದ ಕೂದಲು ಬೀಸುವುದೇ ಹೆಗ್ಗುರುತಾದ ತಂಡದಲ್ಲಿ ಅಷ್ಟು ವರ್ಷ ವಿಗ್ ತೊಟ್ಟು ಕುಣಿದವಳು, ಕೊನೆಗೆ ಅದನ್ನು ತೆಗೆದಿಟ್ಟು ಮೈದಾನಕ್ಕೆ ಇಳಿಯುತ್ತಾಳೆ. ಮಗಳು ಆ ದೃಶ್ಯವನ್ನು ಹಿಂದಕ್ಕೆ ಹಾಕಿ ಮೂರು ಸಲ ನೋಡಿದಳು. ಮೂರನೇ ಸಲ ನಮ್ಮತ್ತೆಯೂ ಕಣ್ಣೊರೆಸಿಕೊಂಡರು. ಸಂಬಳ ಏರಿದ ಸುದ್ದಿ ಹೇಳಿದಾಗ ಮಾತ್ರ ಅವರು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು.

ಗುಂಪಿನಲ್ಲಿ ಕೇಳಿದ ಆ ಗೆಳತಿಗೆ ನಾನು ಕೊನೆಗೆ ಬರೆದದ್ದು ಇಷ್ಟು: ಹನ್ನೆರಡಕ್ಕಿಂತ ಚಿಕ್ಕವರಿಗೆ ಬೇಡ. ಹದಿಮೂರು ಹದಿನಾಲ್ಕಾದರೆ ತೋರಿಸು, ಆದರೆ ಕೋಣೆಯಲ್ಲಿ ಒಬ್ಬಳೇ ಕೂತು ನೋಡಲು ಬಿಡಬೇಡ. ಎರಡೂ ಸೀಸನ್ ನೋಡಿ. ಊಟದ ವಿಷಯದಲ್ಲಿ ಮೊದಲೇ ಕಷ್ಟಪಡುತ್ತಿರುವ ಮಗುವಾದರೆ ಸದ್ಯಕ್ಕೆ ಪೂರ್ತಿ ಬಿಟ್ಟುಬಿಡು. ಊರಿಂದ ಅತ್ತೆಯೋ ಅಮ್ಮನೋ ಬಂದಿದ್ದರೆ ಅವರನ್ನೂ ಕೂರಿಸಿಕೋ.

ಮಗಳು ಕಾಲು ಚಾಚಿ ಕೂರುವ ಸ್ಪ್ಲಿಟ್ ಅಭ್ಯಾಸ ಬಿಟ್ಟಿಲ್ಲ, ಡ್ರಿಲ್ ಟೀಮ್ ಆಸೆಯೂ ಹಾಗೇ ಇದೆ. ಶನಿವಾರದ ಭರತನಾಟ್ಯವೂ ನಡೆಯುತ್ತಿದೆ. ಎರಡು ವಾರದ ಹಿಂದೆ ಕ್ಲಾಸ್ ಮುಗಿಸಿ ಕಾರು ಹತ್ತಿದವಳ ಕೈಯಲ್ಲಿ ಐಸ್ ಚೀಲ ಇತ್ತು. ನನ್ನ ಎದೆ ಧಸಕ್ಕೆಂದಿತು.

"ಕಣಕಾಲು ನೋಯ್ತಿತ್ತು. ಇವತ್ತು ಅಡವು ಮಾಡಲ್ಲ, ಕೂತು ತಾಳ ಹಾಕ್ತೀನಿ ಅಂದೆ ಮಿಸ್‌ಗೆ."

"ಏನಂದ್ರು?"

"ಐಸ್ ಇಟ್ಕೋ ಅಂದ್ರು," ಅಂದು ಸೀಟ್‌ಬೆಲ್ಟ್ ಹಾಕಿಕೊಂಡಳು. "ಅಮ್ಮ, ಮನೇಲಿ ಅನ್ನ ಇದೆಯಾ? ತುಂಬಾ ಹಸಿವಾಗ್ತಿದೆ."